ತೂತು ಬಿದ್ದ ಹಂಡೆಗೆ ನೀರು ತುಂಬುವ ಹಬ್ಬ

೧
ಎಲ್ಲಿಂದ ಶುರು ಮಾಡೋಣ ಹೇಳಿ? "ರಾಮನಗರದಲ್ಲಿ ಮಹಾರಾಜರ ಕಾಲದ ಭವ್ಯ ಸ್ನಾನಗೃಹವೊಂದಿತ್ತು" ಎಂದು ಬರೆದು ಹೊಡೆದುಹಾಕಿದೆ. ಟೂರಿಸ್ಟ್ ಬೋರ್ಡು ಓದಿದಂತಾಯಿತು.

೨
ಗಂಗಲಕ್ಷ್ಮಮ್ಮನಿಂದಲೇ ಶುರು ಮಾಡುತ್ತೇನೆ. ಸೋಲೂರು, ಕಲ್ಯದ ಕಡೆಯಿಂದ ರೇಷ್ಮೆಗೂಡು ಮಾರಲು ಬಂದ ರೈತರು ಮೈ ತೊಳೆಯುತ್ತಿದ್ದ ರಾಮನಗರದ ಆ ಸಾರ್ವಜನಿಕ ಬಚ್ಚಲಲ್ಲಿ ಸೌದೆ ಒಟ್ಟಿ ನೀರು ಕಾಯಿಸುತ್ತಿದ್ದವಳು ಆಕೆ. ಈ ವರ್ಷದಿಂದ ಅದು ಪುಟ್ಟಸ್ವಾಮಿಯ ಕೆಫೆ. ಹೆಸರು 'ಹಂಡೆ'. (ಹೆಸರಿಟ್ಟವನು ನಾನು. ಮೆಚ್ಚಿಕೊಂಡವರು ಇನ್ನೂ ಸಿಕ್ಕಿಲ್ಲ.) ಹಳೆಯ ತಾಮ್ರದ ಹಂಡೆ ಒಲೆಯ ಮೇಲೆಯೇ ಇದೆ, ಹೊಟ್ಟೆಯೊಳಗೊಂದು ಬಲ್ಬು ಇಟ್ಟುಕೊಂಡು.

೩
ಇವತ್ತು ದೀಪಾವಳಿಯ ನೀರು ತುಂಬುವ ಹಬ್ಬ. ಗಂಗಲಕ್ಷ್ಮಮ್ಮ ಬಂದು ಹಂಡೆಗೆ ಸುಣ್ಣದ ಪಟ್ಟೆ ಬಳಿದು ಹಾಗಲಬಳ್ಳಿ ಸುತ್ತಿದಳು. ಕೋಲ್ಡ್ ಕಾಫಿ ಕುಡಿಯುತ್ತಿದ್ದವರು ಫೋಟೊ ತೆಗೆದರು. ಪುಟ್ಟಸ್ವಾಮಿ ಖುಷಿಯಾಗಿ ಬಲ್ಬು, ವೈರು ಬಿಚ್ಚಿಕೊಟ್ಟ. ಆಕೆ ಕೊಡ ಬಗ್ಗಿಸಿದಳು. ನೀರೆಲ್ಲ ಒಲೆಯ ಬಾಯಿಂದ ಸುರಿದು ಗಿರಾಕಿಗಳ ಬೂಟು ನೆನೆಸಿತು.

"ಅಯ್ಯೋ, ವೈರ್ ತೂರ್ಸಕ್ಕೆ ತಳಕ್ಕೆ ತೂತು ಹೊಡ್ಸಿದ್ದೆ ಕಣಜ್ಜಿ, ಮರ್ತೇ ಬುಟ್ಟಿದ್ದೆ," ಎಂದ ಪುಟ್ಟಸ್ವಾಮಿ.

ಆಕೆಗೆ ಅಳು ಬಂತು. "ಈ ದಿನ ಒಂದ್ ವರ್ಸಾನೂ ಇದ್ನ ಬರಿದಾಗಿ ಬುಟ್ಟಿಲ್ಲ ಕಣಪ್ಪ ನಾನು."

೪
ಮುಕ್ತಾಯ ಒಂದು: ಪುಟ್ಟಸ್ವಾಮಿ ಮನ ಕರಗಿ ಕೆಫೆ ಮುಚ್ಚಿ ಬಚ್ಚಲು ತೆರೆಯುತ್ತಾನೆ. (ನೀವೂ ನಂಬುವುದಿಲ್ಲ, ಅವನೂ ಒಪ್ಪುವುದಿಲ್ಲ.)

ಮುಕ್ತಾಯ ಎರಡು: ಗಂಗಲಕ್ಷ್ಮಮ್ಮ ಪ್ಲಾಸ್ಟಿಕ್ ಡ್ರಮ್ಮಿಗೆ ಪೂಜೆ ಮಾಡಿ...

"ಏನಪ್ಪಾ ಬರಿಯೋನೇ," ಆಕೆ ನನ್ನತ್ತ ತಿರುಗಿದಳು. "ಡ್ರಮ್ಗೆ ನಿಮ್ಮವ್ವ ಪೂಜೆ ಮಾಡ್ಲಿ! ತೂತು ಬರ್ದೋನು ನೀನು. ಹೊಡ್ದಾಕು ಅದ್ನ."

"ಆಗಲ್ಲಜ್ಜಿ. ತೂತು ತೆಗೆದ್ರೆ ಕತೆನೇ ಇಲ್ಲ."

"ಹಂಗಾದ್ರೆ ಒಸಿ ಸುಮ್ಕಿರು."

ಸೆರಗು ಸೊಂಟಕ್ಕೆ ಸಿಕ್ಕಿಸಿ, ತಣ್ಣಗಿದ್ದ ಒಲೆಯೊಳಗೆ ಕೈ ತೂರಿಸಿ, ಹಂಡೆಯ ತಳದ ತೂತನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದಳು. "ಲೋ ಪುಟ್ಟಸ್ವಾಮಿ, ಹುಯ್ಯೋ ನೀರ!"

ಅವನು ಹುಯ್ದ. ಹಂಡೆ ಕಂಠದವರೆಗೆ ತುಂಬಿತು. (ಇದು ನನ್ನ ಯಾವ ಡ್ರಾಫ್ಟಿನಲ್ಲೂ ಇರಲಿಲ್ಲ.)

೫
ಇಲ್ಲಿಗೆ ನಿಲ್ಲಿಸಿದರೆ ಚೆಂದ. ವಿಮರ್ಶಕರೂ ತಲೆದೂಗುತ್ತಾರೆ. ಕೊನೆಯ ಸಾಲಿಗೆ ಕೈ ಹಾಕಿದೆ.

"ಮುಗುಸ್ಬ್ಯಾಡ ಕಣಪ್ಪ," ಎಂದಳು, ತೋಳು ಇನ್ನೂ ಒಲೆಯೊಳಗೇ. "ನೀನು ಮುಗ್ಸಿದ್ರೆ ಎಲ್ರೂ ಎದ್ದು ಮನೆಗೋಯ್ತಾರೆ. ನಾನೂ ಕೈ ತೆಗೀಬೇಕಾಯ್ತದೆ."

ಮುಗಿಸಿಲ್ಲ. ನೀವೂ ಏಳಬೇಡಿ, ಒಸಿ ಕೂತಿರಿ.