ತಿರುವು ದಾಟುವವರೆಗೆ

ರೋಗಿಯನ್ನು ಹೊತ್ತ ಟ್ರಾಲಿ ಆಪರೇಶನ್ ಥಿಯೇಟರಿನಿಂದ ಹೊರಬಿತ್ತು. ನೆಲ ಒರೆಸಬೇಕಿದ್ದ ಚಂದವ್ವ ಮಾತ್ರ ಮಾಪ್ ಹಿಡಿದುಕೊಂಡು ಬಕೆಟ್ಟಿನ ಪಕ್ಕದಲ್ಲಿ ನಿಂತೇ ಇದ್ದಳು.

“ಯಾಕ ನಿಂತಿ? ಒರಸು!” ಸಿಸ್ಟರ್ ಅರ್ಮಿಂದಾ ಕೂಗಿದರು. ಗೋವಾದವರೇ ಆದ ಸಿಸ್ಟರ್, ವಾಸ್ಕೋದ ಈ ಆಸ್ಪತ್ರೆಯಲ್ಲಿ ಬಿಜಾಪುರ ಕಡೆಯ ಆಯಾಗಳನ್ನು ಬೈದು ಬೈದೇ ಕನ್ನಡ ಕಲಿತವರು.

“ಟ್ರಾಲಿ ಆ ತಿರುವು ದಾಟ್ಲಿರಿ. ಹೋದವರ ಬೆನ್ನಿಗೇ ಕಸಾ ಬಳಿಯೂದು ಹೆಣಾ ಎತ್ತಿದ ಮನ್ಯಾಗ್ರಿ.”

“ನಿನ್ನ ಶಾಸ್ತ್ರದಾಗ ಒಂದೊಂದ ಆಪರೇಶನ್ನೂ ತಡಾ ಆಗಾಕತ್ತೈತಿ. ನಾಳೆನೂ ಹಿಂಗ ನಿಂತ್ರ ನಿನ್ನ ಥಿಯೇಟರ್ ಬಿಡಿಸಿ ಬಟ್ಟಿ ಒಗಿಯೂ ಕೆಲಸಕ್ಕ ಹಾಕ್ತೇನಿ, ನೋಡು.”

ಅಂದೂ ತಡವೇ ಆಯಿತು. ಅರಿವಳಿಕೆಯ ಡಾಕ್ಟರು ಮಧ್ಯಾಹ್ನ ಮಡಗಾಂವಿಗೆ ಹೊರಟುಬಿಟ್ಟರು. ಬೆಳಗಿನಿಂದ ನೀರೂ ಮುಟ್ಟದೆ ಕಾದಿದ್ದ ದಾಬೋಲಿಮ್‌ನ ಬುಶ್ರಾಳನ್ನು ಆಪರೇಶನ್ ಇಲ್ಲದೆ ವಾಪಸು ಕಳಿಸಬೇಕಾಯಿತು. ಎಂಟು ವರ್ಷದ ಆ ಹುಡುಗಿ ಅಪ್ಪನ ಹೆಗಲ ಮೇಲೆ ಅಳುತ್ತ ಹೋದದ್ದನ್ನು ನೆನೆದು ಚಂದವ್ವನಿಗೆ ರಾತ್ರಿ ರೊಟ್ಟಿ ಸೇರಲಿಲ್ಲ. ಥಿಯೇಟರಿನ ಕೆಲಸವೆಂದರೆ ಅವಳಿಗೆ ಪ್ರಾಣ. ಅದು ಹೋದರೆ ಹೋಗಲಿ, ಆ ಕೂಸಿನ ಹೊಟ್ಟೆ ಉರಿಸಿದೆನಲ್ಲ ಎಂಬುದೇ ಅವಳ ಸಂಕಟ.

ಮರುದಿನ ಕೊನೆಯ ಸರದಿ ಬುಶ್ರಾಳದು. ಅದಕ್ಕೆ ಮುಂಚಿನದು ಸಿಸ್ಟರ್ ಅವರ ತಾಯಿಯದೇ, ಪಿತ್ತಕೋಶದ ಕಲ್ಲು. ಅದು ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿ, ಅರಿವಳಿಕೆಯ ಡಾಕ್ಟರು ಗಡಿಯಾರ ನೋಡತೊಡಗಿದ್ದರು. ಮುದುಕಿಯ ಟ್ರಾಲಿ ಹೊರಗೆ ಹೋಯಿತು. ಬಾಗಿಲ ಸಂದಿಯಲ್ಲಿ ಬುಶ್ರಾ ಒಣಗಿದ ತುಟಿ ಸವರಿಕೊಳ್ಳುತ್ತಿದ್ದುದು ಚಂದವ್ವನಿಗೆ ಕಂಡಿತು. ಅವಳು ಕಣ್ಣು ಮುಚ್ಚಿ ಯಲ್ಲಮ್ಮನನ್ನು ನೆನೆದು ಮಾಪನ್ನು ನೀರಿಗೆ ಅದ್ದಿದಳು.

ಸಿಸ್ಟರ್ ಅದರ ಕೋಲು ಹಿಡಿದುಕೊಂಡರು.

“ರಾವ್ ಗೋ, ತಡಿ. ಮಾಯ್ ಇನ್ನೂ ತಿರುವು ದಾಟಿಲ್ಲ.”

“ಕೂಸು ಹಸದೈತ್ರಿ, ಸಿಸ್ಟರ್.”

“ಗೊತ್ತೈತಿ.”

ಇಬ್ಬರೂ ಬಾಗಿಲಲ್ಲಿ ನಿಂತರು. ಟ್ರಾಲಿ ಮೆಲ್ಲಗೆ ತಿರುಗಿತು. ಮುದುಕಿಯ ಬಿಳಿ ಕೂದಲು ಕಂಡು ಮರೆಯಾಯಿತು. ಸಿಸ್ಟರ್ ಅಂಗಿಯ ತೋಳು ಮೇಲಕ್ಕೆ ಮಡಚಿ, ಗೋಡೆಗೆ ಆನಿಸಿದ್ದ ಇನ್ನೊಂದು ಮಾಪ್ ಎತ್ತಿಕೊಂಡರು.

“ನೀ ಆ ಕಡಿಯಿಂದ ಬಾ, ನಾ ಈ ಕಡಿಯಿಂದ.”

“ನಿಮಗ ಒರಸಾಕ ಬರತೈತೇನ್ರಿ?”

“ಬೈಯಾಕ ಕಲಿಸಿದ್ದು ನೀವ, ಇದನೂ ಕಲಿಸು.”

ಎರಡು ಮಾಪುಗಳು ಮೇಜಿನ ಕೆಳಗೆ ಡಿಕ್ಕಿ ಹೊಡೆಯುವ ಹೊತ್ತಿಗೆ, ಬುಶ್ರಾಳ ಟ್ರಾಲಿ ಬಾಗಿಲಿಗೆ ಬಂದು, ನೆಲ ಆರಲೆಂದು ಕಾಯುತ್ತಿತ್ತು.