ಎಡಗಡೆಯ ಜೊಲ್ಲು

ಕುದುರೆಯ ಬಾಯಿಂದ ಜೊಲ್ಲು ಎಳೆಎಳೆಯಾಗಿ ಇಳಿದು ಹರಿಹರ ಸ್ಟೇಷನ್ ಮುಂದಿನ ಮಣ್ಣಿಗೆ ಬಿತ್ತು. ಜಟಕಾದವರೆಲ್ಲ ದೂರ ಸರಿದು ನಿಂತಿದ್ದರು. ಹುಲ್ಲಿನ ಹೊರೆ ಹೊತ್ತು ಬಂದ ಓಬವ್ವ ಮಾತ್ರ ನೇರ ಕುದುರೆಯ ಹತ್ತಿರ ಹೋದಳು.

"ಮುಟ್ಟಬ್ಯಾಡ. ಹುಚ್ಚುನಾಯಿ ಕಡಿದೈತೆ," ಎಂದ ಪಕ್ಕದ ಜಟಕಾದ ಜಂಬಯ್ಯ. "ಗುಂಡು ಹಾಕಿಸಾದೊಂದೇ ದಾರಿ."

ಕುದುರೆಯ ಯಜಮಾನ ಬಡೇಸಾಬ್ ಗಾಡಿಯ ಚಕ್ರಕ್ಕೆ ಒರಗಿ ಕೂತಿದ್ದ. "ಎರಡು ದಿನಾತು ಓಬವ್ವ, ಹೊಟ್ಟೆಗೆ ಏನೂ ಇಳಿದಿಲ್ಲ."

ಈ ಕುದುರೆಗಳಿಗೆ ಓಬವ್ವ ಹುಲ್ಲು ಮಾರುತ್ತ ಹನ್ನೆರಡು ವರ್ಷವಾಗಿತ್ತು. ಹೊರೆ ಇಳಿಸಿ ಮೊದಲು ನೆಲ ನೋಡಿದಳು. ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳು ಬಿದ್ದಿದ್ದವು. ಜೊಲ್ಲು ಎಡಗಡೆಯಿಂದಷ್ಟೇ ಇಳಿಯುತ್ತಿತ್ತು. ಅದರಲ್ಲಿ ರಕ್ತದ ಸಣ್ಣ ಗೆರೆ, ಕೊಳೆತ ವಾಸನೆ. ನೀರಿನ ಬಕೆಟ್ ಮುಂದಿಟ್ಟಳು. ಕುದುರೆ ಆಸೆಯಿಂದ ಮೂತಿ ಹಾಕಿ ಎರಡು ಗುಟುಕು ಕುಡಿದು, ನೋವಿಗೆ ತಲೆ ಕೊಡವಿತು.

"ಹುಚ್ಚು ಹಿಡಿದಿದ್ರೆ ನೀರು ಗಂಟಲಾಗ ಇಳೀತಿರ್ಲಿಲ್ಲ. ಬಾಯಾಗ ಏನೋ ಚುಚ್ಚೈತೆ. ಸಾಬಣ್ಣ, ನಾಲಿಗಿ ಹಿಡಿದು ಬಲಕ್ಕೆ ಎಳಿ."

"ನಿನ್ನ ಲೆಕ್ಕ ತಪ್ಪಿದ್ರೆ?" ಎಂದ ಜಂಬಯ್ಯ.

"ಸಾಯಾಕಿ ನಾನು. ನಿನಗ್ಯಾಕ ಚಿಂತಿ?"

ಬಡೇಸಾಬ್ ಎದ್ದು ಬಂದು ನಾಲಿಗೆ ಹಿಡಿದ. ಓಬವ್ವ ಬಳೆಗಳನ್ನು ಮೊಣಕೈಗೆ ಏರಿಸಿ, ಹಲ್ಲಿನ ಪಕ್ಕದಿಂದ ಕೆನ್ನೆಯೊಳಗೆ ಕೈ ತೂರಿಸಿದಳು. ಕುದುರೆ ನಡುಗಿತು. ಬೆರಳಿಗೆ ಸಿಕ್ಕಿದ್ದನ್ನು ಒಂದೇ ಎಳೆತಕ್ಕೆ ಹೊರಗೆ ತಂದಳು. ಬೆರಳುದ್ದದ ಜಾಲಿಮುಳ್ಳು, ಅದರ ಹಿಂದೆಯೇ ಕೀವು.

ದೂರ ನಿಂತವರು ಹತ್ತಿರ ಬಂದರು. "ಎಲ್ಲಿ ಮೇಯಾಕ ಹೋಗಿತ್ತೋ," ಎಂದು ಜಂಬಯ್ಯ ನಕ್ಕ.

ಓಬವ್ವ ಅಂಗೈಯಲ್ಲಿದ್ದ ಮುಳ್ಳನ್ನೇ ನೋಡುತ್ತಿದ್ದಳು. ಕಟ್ಟಿಹಾಕಿದ ಕುದುರೆ ಎಲ್ಲಿಗೂ ಮೇಯಲು ಹೋಗಿರಲಿಲ್ಲ. ಮುಳ್ಳನ್ನು ಅಲ್ಲೇ ಬಿಸಾಕಿದ್ದರೆ ಅದರ ಮಾತು ಯಾರೂ ಎತ್ತುತ್ತಿರಲಿಲ್ಲ.

"ನನ್ನ ಹುಲ್ಲಾಗಿಂದು ಸಾಬಣ್ಣ," ಎಂದಳು. "ಹೋದ ವಾರ ಹೊಳೆದಂಡ್ಯಾಗ ಜಾಲಿ ಬೇಲಿ ಮಗ್ಗುಲಿಗೆ ಕೊಯ್ದಿದ್ದೆ. ನೋಡದಂಗ ಕಟ್ಟಿಬಿಟ್ಟೆ."

ಬಡೇಸಾಬ್ ಮುಳ್ಳನ್ನು ಕೈಗೆ ತೆಗೆದುಕೊಂಡು ಅದರ ಮೊನೆಯನ್ನು ಬೆರಳಿಂದ ಮುಟ್ಟಿ ನೋಡಿದ.

"ಬಾಯಿಗೆ ಏನು ಹಾಕ್ಲಿ?"

"ಉಪ್ಪುನೀರಾಗ ತೊಳಿ, ಮೂರು ದಿನ. ಎಳೆ ಹುಲ್ಲು ಹಾಕು."

"ಹಂಗಾದ್ರೆ ಹೊರೆ ಬಿಚ್ಚು. ಮುಳ್ಳು ನಾನೂ ಆರಿಸ್ತೀನಿ."

ಅಷ್ಟರಲ್ಲಿ ಹುಬ್ಬಳ್ಳಿ ರೈಲು ಬಂತು. ಇಳಿದ ಜನ ಗಂಟುಮೂಟೆ ಹೊತ್ತು ಜಟಕಾ ಕೂಗುತ್ತ ಹೊರಬಂದರು. ನೆಲದ ಮೇಲೆ ಎದುರುಬದುರು ಕೂತ ಇಬ್ಬರೂ ತಲೆ ಎತ್ತಲಿಲ್ಲ. ಹಸಿ ಹುಲ್ಲನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತಿದ್ದರು.