ಎಲ್ಲರೂ ರಸ್ತೆಗೆ ಇಳಿಯುವ ಜಾಗ

ಸಂಜೆ ಐದಕ್ಕೆ ಕಾಲೇಜು ಬಿಟ್ಟಾಗ ನಿಮ್ಮೂರಿನ ರಸ್ತೆ ಹೇಗಿರುತ್ತದೆ? ಈ ಊರಿನಲ್ಲೂ ಹಾಗೆಯೇ. ಬಸ್ಸಿಗೆ ಬಸ್ಸು ಅಂಟಿಕೊಂಡು ನಿಂತಿರುತ್ತದೆ. ಹಾರ್ನಿನ ಸದ್ದಿಗೆ ಕಿವಿ ತೂತು ಬೀಳುತ್ತದೆ. ನಡೆದು ಹೋಗುವವರು ಮಾತ್ರ ಜೀವ ಕೈಯಲ್ಲಿ ಹಿಡಿದು ಓಡುತ್ತಾರೆ.

ಕಾಲೇಜಿನ ಹಿಂದಿನ ಗೇಟಿನ ಎದುರಿಗೆ ಒಂದು ಪುಸ್ತಕ ಬೈಂಡಿಂಗ್ ಅಂಗಡಿಯಿದೆ. ಅದರ ಯಜಮಾನನನ್ನು ಎಲ್ಲರೂ ಬೈಂಡರಣ್ಣ ಎಂದೇ ಕರೆಯುತ್ತಾರೆ. ಅಂಗಡಿ ರಸ್ತೆಗಿಂತ ಎರಡು ಮೆಟ್ಟಿಲು ತಗ್ಗು. ಕೂತು ಹೊಲಿಯುವವನಿಗೆ ಕಾಣುವುದು ಜನರ ಮುಖವಲ್ಲ, ಮೊಣಕಾಲಿನಿಂದ ಕೆಳಗಿನ ಪಾದಗಳು. ಅಂಟಿನ ವಾಸನೆ, ಸಂಜೆಯ ಹಳದಿ ಬೆಳಕು, ಮೇಲೆ ಸಾಲಾಗಿ ಸಾಗುವ ಕಾಲುಗಳು. ನೋಡುತ್ತ ನೋಡುತ್ತ ಅವನಿಗೆ ಹಿತವಾದ ಮಂಪರು ಹತ್ತುತ್ತಿತ್ತು. "ಕನಸು ಕಾಣ್ತಾ ಹೊಲಿದ್ರೆ ಸೂಜಿ ಬೆರಳಿಗೆ ಹೋಗುತ್ತೆ ನೋಡಿ" ಎಂದು ಹೆಂಡತಿ ಗದರುತ್ತಿದ್ದಳು. ಎಷ್ಟೋ ಸಲ ಹೋಗಿಯೂ ಇತ್ತು.

ಅವನ ತಾಯಿಗೆ ಅರವತ್ತೇಳು ವರ್ಷ. ಮಗ ಊರಿಗೆಲ್ಲ ಪುಸ್ತಕ ಹೊಲಿದುಕೊಟ್ಟರೂ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಹೋದ ವರ್ಷ ಕಾಲೇಜಿನವರು ಹಿರಿಯರಿಗೆಂದು ಸಂಜೆಯ ಓದುವ ತರಗತಿ ಶುರು ಮಾಡಿದಾಗ, ಮೊದಲು ಹೆಸರು ಬರೆಸಿದವರು ಆಕೆಯೇ. ಈಗ ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದುತ್ತಿದ್ದರು. ಓದುವಾಗ ಮುಖ ಚಿಕ್ಕ ಹುಡುಗಿಯ ಮುಖದಂತಾಗುತ್ತಿತ್ತು.

ಒಂದು ದಿನ ತರಗತಿಗೆ ಹೊರಟವರಿಗೆ ವ್ಯಾನಿನ ಕನ್ನಡಿ ತಗುಲಿತು. ಬಿದ್ದರು. ಮೊಣಕಾಲು ತರಚಿತು, ಕನ್ನಡಕ ಒಡೆಯಿತು. ಕಾಲೇಜಿನ ದವಾಖಾನೆಯ ನರ್ಸಮ್ಮ ಪಟ್ಟಿ ಕಟ್ಟಿ, ಕೈ ಹಿಡಿದು ಮನೆಗೆ ಕರೆತಂದಳು. ಬೈಂಡರಣ್ಣ ಆ ಡ್ರೈವರಿನ ಏಳು ತಲೆಮಾರನ್ನೂ ಜಾಲಾಡಿದ. ಆಮೇಲೆ ತಾಯಿಯ ಕಡೆ ತಿರುಗಿದ.

"ನಾಳೆಯಿಂದ ಕ್ಲಾಸೂ ಬೇಡ, ಗೀಸೂ ಬೇಡ. ಮನೇಲಿರು."

ತಾಯಿ ಅರ್ಧ ಓದಿದ್ದ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟರು. ಅವತ್ತಿನಿಂದ ಮನೆಯಲ್ಲಿ ಆಕೆಯ ಮಾತೇ ಕಡಿಮೆಯಾಯಿತು.

ವಾರ ಕಳೆದು ಪಟ್ಟಿ ಬದಲಿಸಲು ಬಂದ ನರ್ಸಮ್ಮನಿಗೆ ವಿಷಯ ತಿಳಿಯಿತು. ಅವಳು ನೇರ ಅಂಗಡಿಗೆ ಇಳಿದಳು.

"ನೆಗಡಿ ಬಂತು ಅಂತ ಮೂಗು ಕುಯ್ಕೋತಾರಾ ಬೈಂಡರಣ್ಣ? ರಸ್ತೆ ಸರಿ ಇಲ್ಲಾಂದ್ರೆ ರಸ್ತೆ ಸರಿ ಮಾಡಿಸ್ಬೇಕು. ಅಮ್ಮನ್ನ ಯಾಕೆ ಕೂಡಿ ಹಾಕ್ತೀರಿ?"

"ರಸ್ತೆ ಸರಿ ಮಾಡಿಸೋಕೆ ನಾನೇನು ಮೇಯರ್ರಾ ಸಿಸ್ಟರ್?"

"ಶನಿವಾರ ಕಾಲೇಜು ಹಾಲ್‌ನಲ್ಲಿ ಸಭೆ ಇದೆ. ನಗರಸಭೆಯೋರೂ ಕಾಲೇಜಿನೋರೂ ಸೇರಿ ಈ ಸುತ್ತಲಿನ ಜಾಗಾನೆಲ್ಲ ಹೊಸದು ಮಾಡ್ತಾರಂತೆ. ಅಗಲದ ಫುಟ್‌ಪಾತು, ದಾಟೋಕೆ, ಗಾಡಿಗಳು ನಿಧಾನ ಆಗೋ ಹಾಗೆ ಎತ್ತರದ ಪಟ್ಟಿ. ಆ ಪಾಳು ಗೋದಾಮು ಕೆಡವಿ ಬಸ್ ಸ್ಟ್ಯಾಂಡಿಂದ ನೇರ ನಡೆಯೋ ದಾರಿ. ನಾವು ಎಲ್ಲೆಲ್ಲಿ ನಡೀತೀವಿ ಅಂತ ನಕ್ಷೆ ಮೇಲೆ ಗುರುತು ಹಾಕ್ಬೇಕಂತೆ."

ಬೈಂಡರಣ್ಣ ನಕ್ಕ. "ಸಭೆಗೆ ಹೋದ್ರೆ ಟೀ ಸಿಗುತ್ತೆ, ರಸ್ತೆ ಸಿಗಲ್ಲ. ಊರ ಉಸಾಬರಿ ನನಗ್ಯಾಕೆ? ಫುಟ್‌ಪಾತ್ ಅಗಲ ಮಾಡಿದ್ರೆ ಗಾಡಿ ನಿಲ್ಲಿಸೋಕೆ ಜಾಗ ಇರಲ್ಲ. ಗಿರಾಕಿ ಎಲ್ಲಿಂದ ಬರ್ತಾರೆ?"

"ಇವತ್ತು ಬಂದ ಗಿರಾಕಿಗಳಲ್ಲಿ ಗಾಡೀಲಿ ಬಂದೋರು ಎಷ್ಟು ಜನ?"

ಅವನು ನೆನಪು ಮಾಡಿಕೊಂಡ. ಎದೆಗೆ ಹಾಳೆಗಳನ್ನು ಅವಚಿಕೊಂಡು ನಡೆದು ಬಂದ ವಿದ್ಯಾರ್ಥಿಗಳೇ ಎಲ್ಲರೂ. ಗಾಡಿಯಲ್ಲಿ ಬಂದವನು ಒಬ್ಬನೇ, ಅವನೂ ವಿಳಾಸ ಕೇಳಿ ಹೋಗಿದ್ದ.

"ಒಂದು ಗಂಟೆ ನನ್ನ ಜೊತೆ ಆ ಕಡೆ ಬಂದು ಕೂತ್ಕೊಳ್ಳಿ," ಎಂದಳು ನರ್ಸಮ್ಮ. "ರಸ್ತೆ ದಾಟೋ ಜನ ಎಣಿಸೋಣ. ಆಮೇಲೂ ಬೇಡ ಅನ್ಸಿದ್ರೆ ನಾನು ಬಾಯಿ ಬಿಟ್ರೆ ಕೇಳಿ."

ಹೀಗೆ ಬೈಂಡರಣ್ಣ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತ. ಕೈಯಲ್ಲೊಂದು ರಟ್ಟಿನ ತುಂಡು, ಪೆನ್ಸಿಲು. ಇಪ್ಪತ್ತು ವರ್ಷದಲ್ಲಿ ಐದು ಗಂಟೆಯ ಹೊತ್ತಿಗೆ ಅವನು ಅಂಗಡಿಯಿಂದ ಹೊರಗೆ ಕೂತಿದ್ದು ಅದೇ ಮೊದಲು. ಬೆಳಕು ಮೆಲ್ಲಗೆ ಬಾಗುತ್ತಿತ್ತು. ಪಾದಗಳಿಗೆ ಈಗ ಮುಖಗಳು ಬಂದಿದ್ದವು. ದಿನಾ ನೋಡುತ್ತಿದ್ದ ಸವೆದ ಕಪ್ಪು ಬೂಟು ಒಬ್ಬ ನಗುಮುಖದ ಮೇಷ್ಟ್ರದ್ದಾಗಿತ್ತು. ಅವನು ಯಾವುದೋ ಕನಸಿನೊಳಗೆ ಕೂತವನಂತೆ ಗೀಟು ಎಳೆಯುತ್ತ ಹೋದ. ನೂರು, ಇನ್ನೂರು, ಮುನ್ನೂರು.

ಆಗ ಅವನಿಗೊಂದು ವಿಚಿತ್ರ ಕಂಡಿತು. ಎದುರು ಬದಿಯ ಫುಟ್‌ಪಾತಿನ ಮೇಲೆ ನೆಟ್ಟಗೆ ಬರುತ್ತಿದ್ದವರೆಲ್ಲ ಒಂದು ಜಾಗಕ್ಕೆ ಬಂದೊಡನೆ ರಸ್ತೆಗೆ ಇಳಿಯುತ್ತಿದ್ದರು. ಊರುಗೋಲಿನವನು ಇಳಿದ. ಮಗುವಿನ ಗಾಡಿ ತಳ್ಳುತ್ತಿದ್ದವಳು ಗಾಡಿ ಎತ್ತಿಕೊಂಡು ಇಳಿದಳು. ಬಸ್ಸುಗಳು ಅವರ ಮೈಸವರಿಕೊಂಡೇ ಹೋಗುತ್ತಿದ್ದವು.

"ಇವರಿಗೇನು ಹುಚ್ಚಾ ಸಿಸ್ಟರ್? ಎಲ್ಲಾ ಅಲ್ಲೇ ಯಾಕೆ ಇಳೀತಾರೆ?"

ನರ್ಸಮ್ಮ ಆ ಕಡೆಗೇ ಕೈ ತೋರಿಸಿದಳು.

ಅಷ್ಟರಲ್ಲಿ ಆ ಫುಟ್‌ಪಾತಿನ ಮೇಲೆ ಅವನ ತಾಯಿಯೇ ಬಂದರು. ಮಗನಿಗೆ ಟೀ ತರುತ್ತಿದ್ದರು. ಅದೇ ಜಾಗಕ್ಕೆ ಬಂದು ನಿಂತರು. ಹಿಂದೆ ತಿರುಗಿ ನೋಡಿದರು, ಇಳಿದರು, ಕುಂಟುತ್ತ ನಾಲ್ಕು ಹೆಜ್ಜೆ ಓಡಿದರು. ಆಗ ಬೈಂಡರಣ್ಣನಿಗೆ ಕಂಡಿತು. ಫುಟ್‌ಪಾತಿನ ಅಡ್ಡಕ್ಕೆ ಆಳೆತ್ತರ ನಿಂತಿದ್ದುದು ಅವನದೇ ರಟ್ಟಿನ ಕಟ್ಟುಗಳು, ಅವನದೇ ಕಾಗದದ ಚೂರಿನ ಮೂಟೆಗಳು. ತಗ್ಗಿನಲ್ಲಿ ಕೂತವನಿಗೆ ಅವುಗಳ ಬೆನ್ನು ಮಾತ್ರ ಕಾಣುತ್ತಿತ್ತು, ನೆರಳಿಗೆ ಒಳ್ಳೆಯದೇ ಆಯಿತು ಎಂದುಕೊಂಡಿದ್ದ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಅವನು ಪರರ ಎಲೆಯ ನೊಣ ಹುಡುಕಿದ್ದ.

ಓಡಿ ರಸ್ತೆ ದಾಟಿ ತಾಯಿಯ ಕೈ ಹಿಡಿದ.

"ಅಮ್ಮ, ಅವತ್ತು ನೀನು ಬಿದ್ದಿದ್ದೂ ಇಲ್ಲೇನಾ?"

"ಹೂಂ ಕಣೋ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ನಿನ್ನ ಅನ್ನದ ಸಾಮಾನು ಅದು ಮಗಾ. ತೆಗೀ ಅಂತ ನಾನು ಹೇಗೆ ಹೇಳ್ಲಿ?"

ಬೈಂಡರಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವನು ಅಲ್ಲೇ, ಎಲ್ಲರೆದುರಿಗೇ ಅತ್ತುಬಿಟ್ಟ. ಟೀ ಆರಿಹೋಯಿತು.

ಅವತ್ತೇ ಗಂಡ ಹೆಂಡತಿ ಸೇರಿ ಕಟ್ಟುಗಳನ್ನೆಲ್ಲ ಅಂಗಡಿಯ ಅಟ್ಟಕ್ಕೆ ಏರಿಸಿದರು. ತಿಂಗಳಿಗೊಮ್ಮೆ ಬರುತ್ತಿದ್ದ ಗುಜರಿಯವನಿಗೆ ವಾರಕ್ಕೊಮ್ಮೆ ಬರಲು ಹೇಳಿದರು. "ಇಷ್ಟೇ ಕೆಲಸಾನ ಇಪ್ಪತ್ತು ವರ್ಷದಿಂದ ಹೇಳ್ತಿದ್ದೆ, ಕೋಣನ ಮುಂದೆ ಕಿನ್ನರಿ ಬಾರಿಸ್ದಂಗಿತ್ತು" ಎಂದಳು ಹೆಂಡತಿ. ಪಕ್ಕದ ಸೈಕಲ್ ಅಂಗಡಿಯವನೂ ಗೊಣಗುತ್ತಲೇ ತನ್ನ ಸೈಕಲ್ ಸಾಲನ್ನು ಒಳಗೆಳೆದುಕೊಂಡ.

ಶನಿವಾರದ ಸಭೆಯಲ್ಲಿ ನಗರಸಭೆಯ ಅಧಿಕಾರಿಯಮ್ಮ ದೊಡ್ಡ ಮೇಜಿನ ಮೇಲೆ ನಕ್ಷೆ ಹಾಸಿದ್ದರು. ದಾಟುವ ಪಟ್ಟಿ ಇದ್ದದ್ದು ಮುಂದಿನ ದೊಡ್ಡ ಗೇಟಿನಲ್ಲಿ ಮಾತ್ರ. ಹೆಂಡತಿ ಬೈಂಡರಣ್ಣನನ್ನು ಮೊಣಕೈಯಲ್ಲಿ ತಿವಿದಳು.

"ಮೇಡಮ್, ಜನ ದಾಟೋದು ಹಿಂದಿನ ಗೇಟಲ್ಲಿ. ಒಂದು ಗಂಟೇಲಿ ಮುನ್ನೂರ ಹನ್ನೆರಡು ಮಂದಿ. ನಾನೇ ಎಣಿಸಿದೀನಿ. ಫುಟ್‌ಪಾತಿಗೆ ಅಡ್ಡ ಇದ್ದಿದ್ದು ನನ್ನ ಸಾಮಾನು. ಅದನ್ನ ತೆಗ್ದಿದೀನಿ. ಇನ್ನು ನಿಮ್ಮ ಕೆಲಸ ನೀವು ಮಾಡಿ."

ಅಧಿಕಾರಿ ಅವನ ರಟ್ಟಿನ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ದೊಡ್ಡ ಗೇಟಲ್ಲೇ ಜನ ಜಾಸ್ತಿ ಅಂದ್ಕೊಂಡಿದ್ವಿ. ಇದನ್ನ ಯಾರೂ ಹೇಳಿರ್ಲಿಲ್ಲ" ಎಂದು ಕೆಂಪು ಪೆನ್ನನ್ನು ಅವನ ಕೈಗೇ ಕೊಟ್ಟರು.

ಕೆಲಸ ಮುಗಿಯಲು ಎಂಟು ತಿಂಗಳು ಹಿಡಿಯಿತು. ಎಲ್ಲರೂ ಧೂಳು ಕುಡಿದರು, ಬೈದುಕೊಂಡರು, ಎರಡು ಸಲ ನಗರಸಭೆಗೆ ಹೋಗಿ ಕೇಳಿಕೊಂಡು ಬಂದರು. ಅಲ್ಲಿಯವರೆಗೆ ದಿನಾ ಸಂಜೆ ಮಗನೋ ಸೊಸೆಯೋ ಕೈಹಿಡಿದು ಅಮ್ಮನನ್ನು ತರಗತಿಗೆ ದಾಟಿಸಿದರು.

ಹಿಂದಿನ ಗೇಟಿನ ದಾಟುವ ಪಟ್ಟಿ ತೆರೆದ ದಿನ ಅಮ್ಮ ಯಾರ ಕೈಯನ್ನೂ ಹಿಡಿಯಲಿಲ್ಲ. ಸಂಜೆ ಬೆಳಕು ರಸ್ತೆಯ ಮೇಲೆ ಹಾಲಿನಂತೆ ಹರಡಿತ್ತು. ಅರ್ಧ ದಾರಿಗೆ ಹೋದವರು ನಿಂತುಬಿಟ್ಟರು. ಬಸ್ಸು ನಿಂತಿತು. ಅದರ ಹಿಂದೆ ಇನ್ನೊಂದು ನಿಂತಿತು. ಅಮ್ಮ ಸಾವಕಾಶವಾಗಿ ಕತ್ತೆತ್ತಿ, ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಡ್ರೈವರಿಗೆ ತಲೆಯಾಡಿಸಿ, ಮುಂದೆ ನಡೆದರು.

ಈ ಕಥೆ ಓದಿದ ಅಣ್ಣಂದಿರೇ, ಅಕ್ಕಂದಿರೇ, ಇವತ್ತು ಸಂಜೆ ನಿಮ್ಮ ಮನೆ ಅಥವಾ ಅಂಗಡಿಯ ಎದುರು ಬದಿಗೆ ಹೋಗಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಜನ ಎಲ್ಲಿ ರಸ್ತೆಗೆ ಇಳಿಯುತ್ತಾರೆ ನೋಡಿ. ಅಡ್ಡ ಇರುವುದು ನಿಮ್ಮದಾದರೆ ಇವತ್ತೇ ತೆಗೆಯಿರಿ. ನಿಮ್ಮದಲ್ಲದಿದ್ದರೆ ಎಣಿಸಿ, ಬರೆದುಕೊಂಡು, ನಗರಸಭೆಯ ಸಭೆಗೆ ಹೋಗಿ ನಕ್ಷೆಯ ಮೇಲೆ ಗುರುತು ಹಾಕಿ. ನಿಮ್ಮ ಮನೆಯ ಹಿರಿಯರು ನಿಮ್ಮ ಮೇಲಿನ ಪ್ರೀತಿಯಿಂದ ಬಾಯಿ ಬಿಟ್ಟು ಹೇಳಲಾರರು. ಅವರ ಬದಲು ನೀವು ಹೇಳಿ.